ಮಂದ್ರಸ್ಥಾಯಿಯ ಸೇವಕರು

ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದ ಗಾನವೃಂದದ ಯುವಕರು ಒಂದು ಸಂಜೆ ಗುರುನಿವಾಸಕ್ಕೆ ಬಂದರು. ಪಾಲಕ ಸಂತರ ಹಬ್ಬಕ್ಕೆ ಇನ್ನು ಮೂರು ವಾರಗಳಿದ್ದವು. ಗಾನವೃಂದದ ಬೇಸ್ ಗಿಟಾರ್ ಹಳತಾಗಿದೆ, ಅದರಿಂದಾಗಿ ಹಾಡುಗಳು ಸೊರಗುತ್ತಿವೆ, ಹೊಸದೊಂದನ್ನು ಕೊಡಿಸಬೇಕು ಎಂಬುದು ಅವರ ಬೇಡಿಕೆ. ಯಾವ ಕಂಪನಿಯದು, ಎಷ್ಟು ತಂತಿಯದು, ಜೊತೆಗೆ ಎಂಥ ಆಂಪ್ಲಿಫೈಯರ್ ಎಂಬುದರಲ್ಲಿ ಮಾತ್ರ ಅವರಲ್ಲೇ ಒಮ್ಮತವಿರಲಿಲ್ಲ. ಮರುದಿನ ಅಭ್ಯಾಸದ ವೇಳೆಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಡ್ರಮ್ಸ್ ನುಡಿಸುವ ಹುಡುಗ ಒಂದು ಮೂಲೆಯಲ್ಲಿದ್ದ. ಬೇಸ್ ಗಿಟಾರಿನವನು ಇನ್ನೊಂದು ಮೂಲೆಯಲ್ಲಿ. ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲಿಲ್ಲ. ಹಿಂದಿನ ತಿಂಗಳು ಅವರಿಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಗಿಟಾರ್ ಹಳತಾಗಿದ್ದುದು ನಿಜವೇ. ಆದರೆ ಹಾಡು ಸೊರಗಲು ಕಾರಣ ಅದೊಂದೇ ಆಗಿರಲಿಲ್ಲ.

ಅಂದು ಅಭ್ಯಾಸ ಮುಗಿದ ಮೇಲೆ ಆ ಯುವಕರಿಗೆ ನಾನು ಹೇಳಿದ ಇತಿಹಾಸವನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ವಾದ್ಯಗಳ ಬಗ್ಗೆ ಆಸಕ್ತಿಯಿಲ್ಲದ ಓದುಗರೂ ಇದನ್ನು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ. ಏಕೆಂದರೆ ಇದು ವಾದ್ಯಕ್ಕಿಂತ ಹೆಚ್ಚಾಗಿ ಮನುಷ್ಯರ ಕಥೆ.

ಶ್ರುತಿಯನ್ನು ತಾಯಿಗೂ ಲಯವನ್ನು ತಂದೆಗೂ ಹೋಲಿಸುವ ವಾಡಿಕೆ ನಮ್ಮ ನಾಡಿನ ಸಂಗೀತದಲ್ಲಿದೆ. ತಂಬೂರಿ ಶ್ರುತಿಯನ್ನು ಹಿಡಿದಿದ್ದರೆ ಮೃದಂಗ ಲಯವನ್ನು ಕಾಯುತ್ತದೆ. ಪಾಶ್ಚಾತ್ಯ ವಾದ್ಯಗೋಷ್ಠಿಯಲ್ಲಿ ಇವೆರಡರ ನಡುವೆ ನಿಂತು ಎರಡಕ್ಕೂ ಸಲ್ಲುವ ವಾದ್ಯವೊಂದಿದೆ. ಅದೇ ಮಂದ್ರಸ್ಥಾಯಿಯ ವಾದ್ಯ, ಅಂದರೆ ಬೇಸ್. ಹಾಡುವವರ ಸ್ವರಕ್ಕೆ ಅದು ನೆಲೆ. ಡ್ರಮ್ ವಾದಕನ ಪೆಟ್ಟಿಗೆ ಅದು ಜೊತೆಗಾರ. ಅದು ನುಡಿಯುತ್ತಿರುವಾಗ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನಿಂತಾಗ ಮಾತ್ರ ಏನೋ ಕುಸಿದಂತೆ ಎಲ್ಲರಿಗೂ ಅನಿಸುತ್ತದೆ.

ಈ ವಿಚಾರ ಧರ್ಮಸಭೆಗೆ ಹೊಸದಲ್ಲ. ಸಂತ ಅಗಸ್ಟೀನರು ಸಂಗೀತವನ್ನು ಕುರಿತು ಬರೆದ ಗ್ರಂಥದ ಆರು ಸಂಪುಟಗಳಲ್ಲಿ ಹೆಚ್ಚಿನ ಭಾಗ ಲಯ ಮತ್ತು ಛಂದಸ್ಸಿಗೇ ಮೀಸಲಾಗಿದೆ. ಇಟಲಿಯಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿ ಲೊದೊವಿಕೊ ವಿಯಾದಾನರು 1602ರಲ್ಲಿ ವೆನಿಸ್ ನಗರದಲ್ಲಿ ದೇವಾಲಯ ಸಂಗೀತದ ಒಂದು ಸಂಗ್ರಹವನ್ನು ಪ್ರಕಟಿಸಿದರು. ಆ ಕಾಲದ ಗೀತೆಗಳು ಐದು, ಆರು, ಎಂಟು ಕಂಠಗಳಿಗಾಗಿ ರಚಿತವಾಗಿರುತ್ತಿದ್ದವು. ಹಾಡುವವರು ಇಬ್ಬರೋ ಮೂವರೋ ಇದ್ದಲ್ಲಿ ಉಳಿದ ಕಂಠಗಳ ಜಾಗ ಬರಿದಾಗಿ, ಗೀತೆ ಹರಕು ಬಟ್ಟೆಯಂತೆ ಕೇಳುತ್ತಿತ್ತು. ವಿಯಾದಾನರು ಆರ್ಗನ್ ವಾದ್ಯಕ್ಕಾಗಿ ಆರಂಭದಿಂದ ಕೊನೆಯವರೆಗೆ ಕಡಿಯದೆ ಸಾಗುವ ಮಂದ್ರಸ್ವರದ ಒಂದು ಸಾಲನ್ನು ಬರೆದುಕೊಟ್ಟರು. ಆ ಒಂದು ಸಾಲಿನ ಬಲದಿಂದ ಒಬ್ಬನೇ ಗಾಯಕನಿದ್ದರೂ ಗೀತೆ ನಿಲ್ಲುವಂತಾಯಿತು. ಮುಂದೆ ಸುಮಾರು ಒಂದೂವರೆ ಶತಮಾನ ಯೂರೋಪಿನ ಸಂಗೀತವೆಲ್ಲ ಇಂಥ ಅಡಿಪಾಯದ ಮೇಲೆಯೇ ನಡೆಯಿತು. ಬಡ ಗಾಯಕವೃಂದದ ಕೊರತೆಯನ್ನು ನೀಗಿಸಲು ಹೊರಟ ಪ್ರಯತ್ನ ಒಂದು ಯುಗದ ಪದ್ಧತಿಗೆ ಬಲ ಕೊಟ್ಟಿತು.

ಆದರೆ ತಾಳವಾದ್ಯಗಳ ಬಗ್ಗೆ ಧರ್ಮಸಭೆಗೆ ದೀರ್ಘಕಾಲ ಅಳುಕಿತ್ತು. ಜಗದ್ಗುರು ಸಂತ ಹತ್ತನೆಯ ಪಿಯುಸರು 1903ರ ನವೆಂಬರ್ 22ರಂದು ಹೊರಡಿಸಿದ ಆಜ್ಞಾಪತ್ರದಲ್ಲಿ ಪಿಯಾನೊ, ಡ್ರಮ್ಸ್, ಸಿಂಬಲ್ ಮೊದಲಾದ ವಾದ್ಯಗಳನ್ನು ದೇವಾಲಯದಲ್ಲಿ ನಿಷೇಧಿಸಿದರು. ಅರವತ್ತು ವರ್ಷಗಳ ತರುವಾಯ, 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪವಿತ್ರ ಆರಾಧನೆಯನ್ನು ಕುರಿತ ಸಂವಿಧಾನವನ್ನು ಹೊರಡಿಸಿತು. ಅದು ಪೈಪ್ ಆರ್ಗನ್‌ಗೆ ಗೌರವದ ಸ್ಥಾನವನ್ನು ಉಳಿಸಿಕೊಂಡು, ಆರಾಧನೆಗೆ ತಕ್ಕುದಾಗಿದ್ದರೆ ಇತರ ವಾದ್ಯಗಳನ್ನೂ ಅಧಿಕಾರಿಗಳ ಸಮ್ಮತಿಯಿಂದ ಬಳಸಲು ದಾರಿ ತೆರೆಯಿತು. ಇಂದು ನಮ್ಮ ಗಾನವೃಂದಗಳಲ್ಲಿ ಗಿಟಾರ್, ತಬಲಾ, ಡ್ರಮ್ಸ್ ಇರುವುದು ಆ ದಾರಿಯಿಂದಲೇ. ಮಹಾಸಭೆಯು ರೋಮಿನಲ್ಲಿ ಸೇರಿದ್ದ ಅದೇ ವರ್ಷಗಳಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಒಂದು ಸಾಧಾರಣ ಮನೆಯಲ್ಲಿ ಇಬ್ಬರು ಕರಿಯ ಸಂಗೀತಗಾರರು ಬೇಸ್ ಮತ್ತು ಡ್ರಮ್ಸ್ ಒಟ್ಟಿಗೆ ಹೇಗೆ ಸಾಗಬೇಕೆಂಬುದನ್ನು ಲೋಕಕ್ಕೆ ತೋರಿಸುತ್ತಿದ್ದರು. ಅವರ ಕಥೆಗೆ ಮುನ್ನ, ಅವರಲ್ಲೊಬ್ಬನ ಕೈಯಲ್ಲಿದ್ದ ವಾದ್ಯದ ಬಗ್ಗೆ ಎರಡು ಮಾತು.

ಮೊದಲು ಮಂದ್ರಸ್ವರಕ್ಕೆ ಬಳಕೆಯಲ್ಲಿದ್ದುದು ಆಳೆತ್ತರದ ಡಬಲ್ ಬೇಸ್, ಅಂದರೆ ಪಿಟೀಲಿನ ಬಳಗದ ಹಿರಿಯಣ್ಣ. ಅದನ್ನು ಹೊತ್ತು ತಿರುಗುವುದು ಕಷ್ಟ; ಡ್ರಮ್ಸ್ ಮತ್ತು ವಿದ್ಯುತ್ ಗಿಟಾರುಗಳ ನಡುವೆ ಅದರ ದನಿ ಕೇಳುವುದು ಇನ್ನೂ ಕಷ್ಟ. 1930ರ ದಶಕದಲ್ಲಿಯೇ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತ ಗಿಟಾರಿನಂತೆ ಹಿಡಿದು ನುಡಿಸಬಹುದಾದ ವಿದ್ಯುತ್ ಬೇಸ್ ತಯಾರಿಸಿದ್ದನು. ಅದು ಜನಪ್ರಿಯವಾಗಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ ರೇಡಿಯೊ ರಿಪೇರಿ ಅಂಗಡಿಯಿಂದ ಬದುಕು ಕಟ್ಟಿಕೊಂಡ ಲಿಯೊ ಫೆಂಡರ್ 1951ರಲ್ಲಿ ಹೊರತಂದ ಬೇಸ್ ಮಾತ್ರ ಲೋಕವನ್ನು ಗೆದ್ದಿತು. ಅಚ್ಚರಿಯೆಂದರೆ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರ ಕಷ್ಟವನ್ನು ಕಿವಿಗೊಟ್ಟು ಕೇಳುವುದು ಅವನಿಗೆ ಗೊತ್ತಿತ್ತು. ವೀಣೆಗೆ ಮೆಟ್ಟಿಲುಗಳಿರುವಂತೆ ಈ ಬೇಸಿಗೂ ಲೋಹದ ಮೆಟ್ಟಿಲುಗಳಿದ್ದವು. ಬೆರಳಿಟ್ಟಲ್ಲಿ ಸ್ವರ ಖಚಿತವಾಗಿ ನುಡಿಯುತ್ತಿತ್ತು. ಆ ಖಚಿತತೆಯ ಕಾರಣದಿಂದಲೇ ಅದಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರಿಡಲಾಯಿತು.

ಈಗ ಡೆಟ್ರಾಯಿಟ್‌ಗೆ ಬರೋಣ. ಜೇಮ್ಸ್ ಜೇಮರ್ಸನ್ 1936ರ ಜನವರಿ 29ರಂದು ದಕ್ಷಿಣ ಕ್ಯಾರೊಲಿನಾದ ಎಡಿಸ್ಟೊ ದ್ವೀಪದಲ್ಲಿ ಜನಿಸಿದರು. ತಂದೆ ಹಡಗುಕಟ್ಟೆಯ ಕೆಲಸಗಾರ, ತಾಯಿ ಮನೆಗೆಲಸದಾಕೆ. ಅಜ್ಜಿ ಪಿಯಾನೊ ನುಡಿಸುತ್ತಿದ್ದರು. ಅತ್ತೆಯೊಬ್ಬರು ಚರ್ಚಿನ ಗಾನವೃಂದದಲ್ಲಿ ಹಾಡುತ್ತಿದ್ದರು. 1954ರಲ್ಲಿ ತಾಯಿಯೊಡನೆ ಡೆಟ್ರಾಯಿಟ್‌ಗೆ ಬಂದ ಜೇಮ್ಸ್ ಅಲ್ಲಿನ ಶಾಲೆಯಲ್ಲಿ ಡಬಲ್ ಬೇಸ್ ಕಲಿತರು. ಬೆರಿ ಗೋರ್ಡಿ ಎಂಬ ಯುವಕ ಮನೆಯವರಿಂದ 800 ಡಾಲರ್ ಸಾಲ ಪಡೆದು 1959ರಲ್ಲಿ ಧ್ವನಿಮುದ್ರಣ ಸಂಸ್ಥೆಯೊಂದನ್ನು ಆರಂಭಿಸಿದನು. ಮುಂದೆ ಮೋಟೌನ್ ಎಂದು ಹೆಸರಾದ ಆ ಸಂಸ್ಥೆಯಲ್ಲಿ ಜೇಮರ್ಸನ್ ಅದೇ ವರ್ಷದಿಂದ ನುಡಿಸತೊಡಗಿದರು. ಮೆಟ್ಟಿಲಿಳಿದು ಹೋಗಬೇಕಾಗಿದ್ದ ಅಲ್ಲಿನ ಇಕ್ಕಟ್ಟಾದ ಧ್ವನಿಮುದ್ರಣ ಕೋಣೆಯನ್ನು ವಾದಕರು ಹಾವಿನ ಗುಂಡಿ ಎಂದು ಕರೆಯುತ್ತಿದ್ದರು.

ಆ ಕೋಣೆಯಲ್ಲಿ ಅವರಿಗೆ ಜೊತೆಯಾದವರು ಡ್ರಮ್ ವಾದಕ ಬೆನ್ನಿ ಬೆಂಜಮಿನ್. ಅಲಬಾಮಾದಲ್ಲಿ ಹುಟ್ಟಿದ ಬೆಂಜಮಿನ್, ಜೇಮರ್ಸನ್‌ಗಿಂತ ಸುಮಾರು ಹತ್ತು ವರ್ಷ ಹಿರಿಯರು. ಬೆಂಜಮಿನ್‌ರ ಕಾಲು ದೊಡ್ಡ ಡ್ರಮ್ಮಿನ ಪೆಡಲನ್ನು ಒತ್ತುವ ಕ್ಷಣಕ್ಕೂ ಜೇಮರ್ಸನ್‌ರ ಬೆರಳು ತಂತಿಯನ್ನು ಮೀಟುವ ಕ್ಷಣಕ್ಕೂ ಅಂತರವೇ ತೋರುತ್ತಿರಲಿಲ್ಲ. ಪೆಟ್ಟು ಮತ್ತು ಸ್ವರ ಕೂಡಿ ಒಂದೇ ನಾದವಾಗುತ್ತಿತ್ತು. ಆ ಒಂದು ನೆಲೆ ಭದ್ರವಾಗಿದ್ದುದರಿಂದಲೇ ಜೇಮರ್ಸನ್ ಉಳಿದ ಮಾತ್ರೆಗಳಲ್ಲಿ ಸ್ವತಂತ್ರವಾಗಿ ವಿಹರಿಸಬಲ್ಲವರಾಗಿದ್ದರು. ಟೆಂಪ್ಟೇಷನ್ಸ್ ತಂಡ 1964ರಲ್ಲಿ ಹೊರತಂದ 'ಮೈ ಗರ್ಲ್' ಗೀತೆಯಲ್ಲಿ ಕೇಳುಗನ ಕಿವಿಗೆ ಮೊದಲು ಬೀಳುವುದು ಗಾಯಕನ ಕಂಠವಲ್ಲ, ಜೇಮರ್ಸನ್‌ರ ಬೇಸ್. ಅದನ್ನು ಕೇಳಿದ ಕೋಟ್ಯಂತರ ಜನರಿಗೆ ನುಡಿಸಿದವರ ಹೆಸರು ಮಾತ್ರ ತಿಳಿದಿರಲಿಲ್ಲ.

ಜೇಮರ್ಸನ್‌ರ ಸಲಕರಣೆಗಳ ವಿಚಾರವನ್ನು ನಮ್ಮ ಯುವಕರು ಬಹಳ ಕುತೂಹಲದಿಂದ ಕೇಳಿದರು. ಅವರ ಮುಖ್ಯ ವಾದ್ಯ 1962ರ ಒಂದು ಫೆಂಡರ್ ಪ್ರಿಸಿಷನ್ ಬೇಸ್. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಮಾದರಿ ಅದು. ಅದಕ್ಕೆ ನಯವಾದ ಮೇಲ್ಮೈಯ ದಪ್ಪ ತಂತಿಗಳನ್ನು ಹಾಕಿದ್ದರು. ತಂತಿ ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ. ಹಳೆಯ ತಂತಿಗೆ ಹಿಡಿದ ಜಿಡ್ಡಿನಲ್ಲೇ ನಾದವಿದೆಯೆಂಬುದು ಅವರ ನಂಬಿಕೆ. ಸ್ವರ ಬೇಗ ಅಡಗಲೆಂದು ಕುದುರೆಯ ಬಳಿ ತಂತಿಗಳ ಕೆಳಗೆ ಸ್ಪಂಜಿನ ತುಂಡು ಇರುತ್ತಿತ್ತು. ತಂತಿಗಳು ಹಲಗೆಯಿಂದ ಎಷ್ಟು ಎತ್ತರದಲ್ಲಿದ್ದವೆಂದರೆ ಬೇರೆಯವರಿಗೆ ಅದನ್ನು ನುಡಿಸುವುದೇ ಕಷ್ಟವಾಗುತ್ತಿತ್ತು. ಮೀಟುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದಲೇ. ಕ್ಲಬ್ಬುಗಳಲ್ಲಿ ನುಡಿಸುವಾಗ ಆಂಪೆಗ್ ಕಂಪನಿ 1960ರಲ್ಲಿ ಹೊರತಂದಿದ್ದ ಬಿ-15 ಆಂಪ್ಲಿಫೈಯರ್ ಇರುತ್ತಿತ್ತು. ಹಾವಿನ ಗುಂಡಿಯಲ್ಲಿ ಅದೂ ಇಲ್ಲ. ಗಿಟಾರಿನ ತಂತಿಯನ್ನು ನೇರವಾಗಿ ಧ್ವನಿಮುದ್ರಣದ ಯಂತ್ರಕ್ಕೆ ಜೋಡಿಸುತ್ತಿದ್ದರು. ಅರವತ್ತರ ದಶಕದ ಅಷ್ಟು ಗೀತೆಗಳ ಅಡಿಪಾಯ ಇಷ್ಟೇ ಸಲಕರಣೆಯಿಂದ ನಿಂತಿತು.

ಬೇಸ್ ಮತ್ತು ಡ್ರಮ್ಸ್ ಹೊಂದಿಕೊಂಡರೆ ಇಡೀ ಗೋಷ್ಠಿ ಏಕೆ ನೆಟ್ಟಗೆ ನಿಲ್ಲುತ್ತದೆ? ವಾದಕರು ಅನುಭವದಿಂದ ಬಲ್ಲ ಈ ಸಂಗತಿಗೆ ವಿಜ್ಞಾನವೂ ಒಂದು ಕಾರಣವನ್ನು ಕೊಟ್ಟಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ತಗ್ಗಿನ ಸ್ವರ, ಒಂದು ಎತ್ತರದ ಸ್ವರ ಎರಡನ್ನೂ ಏಕಕಾಲಕ್ಕೆ ಕೇಳಿಸಲಾಯಿತು. ನಡುನಡುವೆ ಒಂದು ಸ್ವರ 50 ಮಿಲಿಸೆಕೆಂಡಿನಷ್ಟು ಮುಂಚೆ ಬರುವಂತೆ ಮಾಡಲಾಯಿತು. ಎತ್ತರದ ಸ್ವರ ತಪ್ಪಿದಾಗಿನದಕ್ಕಿಂತ ತಗ್ಗಿನ ಸ್ವರ ತಪ್ಪಿದಾಗ ಮಿದುಳು ಹೆಚ್ಚು ತೀವ್ರವಾಗಿ ಸ್ಪಂದಿಸಿತು. ಲಯಕ್ಕೆ ಬೆರಳು ತಟ್ಟುತ್ತಿದ್ದವರ ಬೆರಳುಗಳೂ ತಗ್ಗಿನ ಸ್ವರವನ್ನೇ ಹೆಚ್ಚಾಗಿ ಅನುಸರಿಸಿದವು. ರಾಗವನ್ನು ಮೇಲಿನ ಸ್ವರಗಳಲ್ಲಿ ಗುರುತಿಸುವ ನಾವು ಕಾಲವನ್ನು ಕೆಳಗಿನ ಸ್ವರಗಳಲ್ಲಿ ಹಿಡಿಯುತ್ತೇವೆ. ಯಾರ ಹೆಸರನ್ನು ನಾವು ಕೇಳುವುದಿಲ್ಲವೋ ಅವರನ್ನೇ ನಮ್ಮ ಕಾಲುಗಳು ಹಿಂಬಾಲಿಸುತ್ತಿರುತ್ತವೆ!

ದೂರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಹತ್ತು ಮೀಟರ್ ದೂರ ನಿಂತ ಇಬ್ಬರ ನಡುವೆ ಸುಮಾರು 30 ಮಿಲಿಸೆಕೆಂಡು ತಡವಾಗುತ್ತದೆ. ಒಳ್ಳೆಯ ವಾದಕರು ಡ್ರಮ್ಮಿನ ಪಕ್ಕದಲ್ಲೇ, ಡ್ರಮ್ ವಾದಕನ ಕಾಲು ಮತ್ತು ಕೈ ಕಾಣುವಂತೆ ನಿಲ್ಲುವುದು ಇದಕ್ಕಾಗಿಯೇ. ಬೇಸಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಪ್ರಬೋಧನೆ ಕೇಳಿಸಲೆಂದು ಗೋಡೆಗೆ ಹಾಕಿದ ಸಣ್ಣ ಸ್ಪೀಕರುಗಳಲ್ಲಿ ಆ ಸ್ವರ ಸರಿಯಾಗಿ ಮೂಡುವುದೇ ಇಲ್ಲ. ಅಂಥಲ್ಲಿ ದುಬಾರಿ ಗಿಟಾರ್ ತಂದರೂ ಪ್ರಯೋಜನ ಅಷ್ಟಕ್ಕಷ್ಟೆ.

ಜೊತೆಯಾಗಿ ನುಡಿಸುವುದು ಕಿವಿಯ ಕೆಲಸವಷ್ಟೇ ಅಲ್ಲವೆಂಬುದಕ್ಕೆ ಅದೇ ದೇಶದ ಮೆಂಫಿಸ್ ನಗರ ಸಾಕ್ಷಿ. ಅಲ್ಲಿ ಹಳೆಯ ಚಿತ್ರಮಂದಿರವೊಂದರಲ್ಲಿ ಸ್ಟ್ಯಾಕ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಯಿತ್ತು. ಅದರ ಡ್ರಮ್ ವಾದಕ ಆಲ್ ಜಾಕ್ಸನ್ ಕರಿಯರು. ಅರವತ್ತರ ದಶಕದ ಮಧ್ಯಭಾಗದಿಂದ ಬೇಸ್ ನುಡಿಸಿದ ಡೊನಾಲ್ಡ್ ಡನ್ ಬಿಳಿಯರು. ವರ್ಣಭೇದ ಬೇರೂರಿದ್ದ ಆ ಊರಿನಲ್ಲಿ ಆ ಬಾಗಿಲೊಳಗೆ ಇಬ್ಬರೂ ಒಂದೇ ಲಯದಲ್ಲಿ ಸಾಗಿದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು ಅದೇ ಮೆಂಫಿಸಿನಲ್ಲಿ. ಆ ಬಳಿಕವೂ ಅವರ ಜೊತೆಗಾರಿಕೆ ಮುರಿಯಲಿಲ್ಲ. ಸಂಗೀತ ಸಮಾಜದ ಗಾಯವನ್ನು ಗುಣಪಡಿಸಿತೆಂದು ನಾನು ಹೇಳಲಾರೆ. ಆದರೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ನುಡಿಸಲಾಗದ ಜಾಗದಲ್ಲಿ ಮನುಷ್ಯರು ಕೇಳಿಸಿಕೊಳ್ಳುವುದನ್ನು ಕಲಿಯುತ್ತಾರೆಂಬುದು ಸತ್ಯ.

ಮತ್ತೆ ಜೇಮರ್ಸನ್‌ರ ಕಥೆಗೆ ಬರುತ್ತೇನೆ. ಅದರ ಉತ್ತರಾರ್ಧ ದುಃಖದ್ದು. ಮೋಟೌನಿನ ಧ್ವನಿಮುದ್ರಿಕೆಗಳ ಮೇಲೆ ಹಾಡುಗಾರರ ಹೆಸರಿರುತ್ತಿತ್ತು, ವಾದಕರದಿರುತ್ತಿರಲಿಲ್ಲ. ಬೆನ್ನಿ ಬೆಂಜಮಿನ್ 1969ರಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡರು. 1971ರಲ್ಲಿ ಮಾರ್ವಿನ್ ಗೇ ಅವರ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಜೇಮರ್ಸನ್‌ರ ಹೆಸರು ಗೌರವದಿಂದ ಅಚ್ಚಾಯಿತು. ಅಷ್ಟರಲ್ಲಿ ಅವರು ಹನ್ನೆರಡು ವರ್ಷ ದುಡಿದಿದ್ದರು. ಮರುವರ್ಷ ಸಂಸ್ಥೆ ಲಾಸ್ ಏಂಜಲೀಸ್‌ಗೆ ಸ್ಥಳಾಂತರವಾಯಿತು. ಜೇಮರ್ಸನ್ ಹಿಂದೆಯೇ ಹೋದರು. ಆದರೆ ಕಾಲ ಬದಲಾಗಿತ್ತು. 1966ರಿಂದೀಚೆಗೆ ಬಳಕೆಗೆ ಬಂದಿದ್ದ, ಝಣಝಣಿಸುವ ಹೊಸ ಬಗೆಯ ತಂತಿಗಳನ್ನು ನಿರ್ಮಾಪಕರು ಬಯಸಿದರು. ಜೇಮರ್ಸನ್ ತಮ್ಮ ಹಳೆಯ ತಂತಿಗಳನ್ನು ಬಿಡಲಿಲ್ಲ. ಒಂದು ಕಾಲಕ್ಕೆ ಬಲವಾಗಿದ್ದ ಹಟ ಇನ್ನೊಂದು ಕಾಲಕ್ಕೆ ತೊಡಕಾಯಿತು. ಮೊದಲೇ ಇದ್ದ ಮದ್ಯದ ಚಟ ಅವರನ್ನು ಇನ್ನಷ್ಟು ಕುಗ್ಗಿಸಿತು. ಕೆಲಸಗಳು ಕೈತಪ್ಪಿದವು.

1983ರ ಮಾರ್ಚ್ ತಿಂಗಳಲ್ಲಿ ಪಸಡೀನಾ ನಗರದಲ್ಲಿ ಮೋಟೌನಿನ 25 ವರ್ಷಗಳ ಸಂಭ್ರಮ ನಡೆಯಿತು. ವೇದಿಕೆಯ ಮೇಲೆ ಪ್ರಸಿದ್ಧ ಗಾಯಕರೆಲ್ಲ ಇದ್ದರು. ಅವರ ಹಾಡುಗಳಿಗೆ ಅಡಿಪಾಯ ಹಾಕಿದ ಜೇಮರ್ಸನ್‌ರಿಗೆ ಆಹ್ವಾನವಿರಲಿಲ್ಲ. ಅವರು ಟಿಕೆಟ್ ಕೊಂಡು ಒಳಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದರು. ಅದೇ ವರ್ಷ ಅವರ 1962ರ ಬೇಸ್ ಕಳುವಾಯಿತು. ಆಗಸ್ಟ್ 2ರಂದು, ತಮ್ಮ 47ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಜೀವನ ಮತ್ತು ಸಂಗೀತವನ್ನು ಕುರಿತ ಪುಸ್ತಕ ಬಂದದ್ದು 1989ರಲ್ಲಿ. 2000ದಲ್ಲಿ ರಾಕ್ ಅಂಡ್ ರೋಲ್ ಗೌರವಭವನ ಹಿನ್ನೆಲೆ ವಾದಕರಿಗಾಗಿ ಹೊಸದಾಗಿ ತೆರೆದ ವಿಭಾಗದ ಮೊದಲ ಪಟ್ಟಿಯಲ್ಲೇ ಅವರ ಹೆಸರು ಸೇರಿತು. 2003ರಲ್ಲಿ ಬೆಂಜಮಿನ್‌ರದೂ ಸೇರಿತು. ನಡುವೆ 2002ರಲ್ಲಿ ಆ ವಾದಕರೆಲ್ಲರನ್ನು ಕುರಿತು ಒಂದು ಸಾಕ್ಷ್ಯಚಿತ್ರ ಬಂತು. ಇಬ್ಬರು ಗೆಳೆಯರಿಗೂ ಇದಾವುದನ್ನೂ ನೋಡುವ ಭಾಗ್ಯವಿರಲಿಲ್ಲ.

ಇದು ದೂರದೇಶದ ಕಥೆಯೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಮುಂಬಯಿಯ ಹಿಂದಿ ಚಿತ್ರಗೀತೆಗಳ ವಾದ್ಯಗೋಷ್ಠಿಗಳಲ್ಲಿ ದಶಕಗಳ ಕಾಲ ದುಡಿದವರಲ್ಲಿ ಗೋವಾದ ಕಥೋಲಿಕರು ಬಹುಮಂದಿ. ಧರ್ಮಕೇಂದ್ರದ ಶಾಲೆಗಳಲ್ಲಿ ಸ್ವರಲಿಪಿ ಕಲಿತು ಹೋದವರು ಅವರು. ತೆರೆಯ ಮೇಲೆ ಸಂಗೀತ ನಿರ್ದೇಶಕರ ಹೆಸರು ಮೆರೆಯುತ್ತಿದ್ದಾಗ ಇವರ ಹೆಸರು ಬಹುಪಾಲು ಮರೆಯಲ್ಲೇ ಉಳಿಯಿತು. 1977ರ 'ಅಮರ್ ಅಕ್ಬರ್ ಆಂಥೊನಿ' ಚಿತ್ರದ ಹಾಡಿನಲ್ಲಿ ಬರುವ ಆಂಥೊನಿ ಗೊನ್ಸಾಲ್ವಿಸ್ ಎಂಬ ಹೆಸರು ಕಲ್ಪಿತವೆಂದೇ ಅನೇಕರು ತಿಳಿದಿದ್ದಾರೆ. ಅದು ಸಂಗೀತ ನಿರ್ದೇಶಕ ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಗೋವಾದ ಗುರುವಿನ ಹೆಸರು. ಶಿಷ್ಯನೊಬ್ಬ ನೆನೆದದ್ದರಿಂದ ಆ ಒಂದು ಹೆಸರು ಉಳಿಯಿತು.

ಮರೆಯಲ್ಲಿದ್ದು ಸೇವೆ ಮಾಡುವುದು ಕ್ರೈಸ್ತ ಸದ್ಗುಣವೆಂದು ನಾವು ಪೀಠದಿಂದ ಬೋಧಿಸುತ್ತೇವೆ, ಅದು ಸರಿಯೇ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲೆಂದು ಪ್ರಭುವೇ ಕಲಿಸಿದ್ದಾರೆ. ಆದರೆ ಆ ಮಾತು ಕೊಡುವವನಿಗೆ ಹೇಳಿದ್ದು, ಪಡೆದವನಿಗೆ ಅಲ್ಲ. ಮರೆಯಲ್ಲಿರುವುದು ಸೇವಕನ ವಿನಯವಾಗಬಹುದು, ಅವನನ್ನು ಮರೆಯುವುದು ಪಡೆದವನ ವಿನಯವಾಗಲಾರದು. ಸಂತ ಪೌಲರು ಕೊರಿಂಥದವರಿಗೆ ಬರೆಯುತ್ತಾ, ದೇಹದಲ್ಲಿ ದುರ್ಬಲವೆಂದು ತೋರುವ ಅಂಗಗಳು ಅನಿವಾರ್ಯವೆಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಅವುಗಳಿಗೆ ಹೆಚ್ಚಿನ ಮರ್ಯಾದೆ ಸಲ್ಲಬೇಕೆಂದೂ ನೆನಪಿಸುತ್ತಾರೆ. ನಾವು ಮೊದಲರ್ಧವನ್ನು ಬೋಧಿಸಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ.

ಆ ಹಬ್ಬಕ್ಕೆ ಹೊಸ ಗಿಟಾರ್ ಬರಲಿಲ್ಲ. ಅಷ್ಟು ಹಣ ಆಗ ನಮ್ಮಲ್ಲಿರಲಿಲ್ಲ. ಹಳೆಯ ಗಿಟಾರಿನ ಆಂಪ್ಲಿಫೈಯರನ್ನು ಡ್ರಮ್ಮಿನ ಬಳಿಗೆ ಸರಿಸಿ, ಆ ಇಬ್ಬರು ಹುಡುಗರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದೆವು. ಉಳಿದವರನ್ನು ಮನೆಗೆ ಕಳುಹಿಸಿ, ಅವರಿಬ್ಬರೇ ವಾರಕ್ಕೆರಡು ಸಂಜೆ ಅಭ್ಯಾಸ ಮಾಡಬೇಕೆಂದು ಹೇಳಿದೆ. ಮೊದಲ ಸಂಜೆ ಇಬ್ಬರೂ ಮಾತಾಡಲಿಲ್ಲವಂತೆ. ಎರಡನೆಯ ಸಂಜೆ, ಒಂದು ಹಾಡಿನ ನಡೆ ಎಷ್ಟಿರಬೇಕೆಂಬ ಬಗ್ಗೆ ಮಾತಾಡಲೇಬೇಕಾಯಿತು. ಹಬ್ಬದ ಬಲಿಪೂಜೆಯ ದಿನ, ಕಾಣಿಕೆ ಮೆರವಣಿಗೆ ಸಾಗುತ್ತಿದ್ದಾಗ ಭಕ್ತಾದಿಗಳ ಹೆಜ್ಜೆಗಳೆಲ್ಲ ಒಂದೇ ನಡೆಗೆ ಬಂದುದನ್ನು ನಾನು ಪೀಠದಿಂದ ಕಂಡೆ.

ಬಲಿಪೂಜೆಯ ಕೊನೆಯಲ್ಲಿ ವಂದನಾರ್ಪಣೆ ಇತ್ತು. ದಾನಿಗಳು, ಅತಿಥಿಗಳು, ಶಾಮಿಯಾನ ಹಾಕಿಸಿದವರು ಎಲ್ಲರ ಹೆಸರೂ ಪಟ್ಟಿಯಲ್ಲಿದ್ದವು. ಗಾನವೃಂದಕ್ಕೆ ಒಟ್ಟಾಗಿ ಒಂದು ಸಾಲು. ಆ ಇಬ್ಬರು ಹುಡುಗರ ಹೆಸರು ಎಲ್ಲಿಯೂ ಇರಲಿಲ್ಲ. ಪಟ್ಟಿ ಸಿದ್ಧಪಡಿಸಿದವನು ನಾನೇ. ಜೇಮರ್ಸನ್‌ರ ಕಥೆಯನ್ನು ಅವರಿಗೆ ಹೇಳಿದವನೂ ನಾನೇ. ಅಂದಿನಿಂದ ಪ್ರತಿ ಹಬ್ಬದ ಹಿಂದಿನ ರಾತ್ರಿ, ಗಂಟೆ ಬಾರಿಸುವವರಿಂದ ಹಿಡಿದು ಪೀಠಕ್ಕೆ ಹೂ ಜೋಡಿಸುವವರವರೆಗೆ ಹೆಸರುಗಳನ್ನು ಒಂದು ಹಾಳೆಯಲ್ಲಿ ನನ್ನ ಕೈಯಿಂದಲೇ ಬರೆದಿಟ್ಟುಕೊಳ್ಳುತ್ತೇನೆ. ಆ ಹಾಳೆಯಲ್ಲಿ ಈಗಲೂ ಕೆಲವು ಹೆಸರುಗಳು ತಪ್ಪಿಹೋಗುತ್ತವೆ. ತಪ್ಪಿದ್ದನ್ನು ಯಾರಾದರೂ ನೆನಪಿಸಿದರೆ ಸಂತೋಷದಿಂದ ಸೇರಿಸುತ್ತೇನೆ.